ಕೆಂಪು ಪಟ್ಟೆಯ ಗುಳ್ಳೆಗಳು

ಬೆಳಿಗ್ಗೆ ಎಂಟೂವರೆಗೆ ನಮ್ಮ ಸ್ಟಿಕರ್ ಅಂಗಡಿಯ ಷಟರ್ ಎತ್ತಿದವಳು ನಾನು. ಎತ್ತಿದ ಕೈ ಹಾಗೇ ನಿಂತಿತು.

ಆಂಬುಲೆನ್ಸಿನ ಎಡಮಗ್ಗುಲಿನ ಕೆಂಪು ಪಟ್ಟೆ—ನಿನ್ನೆ ಸಂಜೆ ಅಪ್ಪ ಕೈಯಾರೆ ಅಂಟಿಸಿದ್ದ ಎಂಟಡಿ ಸ್ಟಿಕರ್—ಇರಲಿಲ್ಲ. ಯಾರೋ ಬ್ಲೇಡಿನಿಂದ ಕೆರೆದು ಕಿತ್ತಿದ್ದರು. ಬಿಳಿ ಬಣ್ಣದ ಮೇಲೆಲ್ಲ ಗೀರು. ಹನ್ನೊಂದಕ್ಕೆ ಆಸ್ಪತ್ರೆಯವರು ಗಾಡಿ ಒಯ್ಯಲು ಬರುವವರಿದ್ದರು.

ಬೀಗ ಒಡೆದಿರಲಿಲ್ಲ. ಬೀಗದ ಕೈ ಇದ್ದದ್ದು ಎರಡೇ. ಒಂದು ಮಹಡಿಯ ಮೇಲಿನ ನಮ್ಮ ಮನೆಯಲ್ಲಿ, ಇನ್ನೊಂದು ಕೆಲಸದ ಸೋಪಣ್ಣನ ಬಳಿ.

ಆ ಹೆಸರು ಇಟ್ಟವರು ಅಪ್ಪ. ಸೋಪು ನೀರು ಚಿಮುಕಿಸದೆ ಅವನು ಸ್ಟಿಕರ್ ಮುಟ್ಟುವವನಲ್ಲ; ಒದ್ದೆಯಾಗಿದ್ದರೆ ಸ್ಟಿಕರ್ ಜಾರುತ್ತದೆ, ತಪ್ಪಿದರೆ ಸರಿಸಬಹುದು. ಅಪ್ಪ ನೀರಿಲ್ಲದೆಯೇ ಎಳೆದು ಒತ್ತುವವರು. “ನೀರು ಬೇಕಾಗೋದು ಕೈ ಬರದೋನಿಗೆ ಕಣೋ,” ಎಂದು ಹನ್ನೆರಡು ವರ್ಷದಿಂದ ಅವನನ್ನು ರೇಗಿಸುತ್ತಿದ್ದರು. ಒಳಗೆ ಗಾಳಿ ಸಿಕ್ಕಿ ಗುಳ್ಳೆ ಉಳಿದರೂ ಅವರಿಗೆ ಚಿಂತೆಯಿಲ್ಲ. “ರಾತ್ರಿ ಬಿಡು, ತಾನೇ ಕೂರುತ್ತೆ.” ಬೆಳಿಗ್ಗೆ ನೋಡಿದರೆ ನಿಜಕ್ಕೂ ಕೂತಿರುತ್ತಿತ್ತು.

ನಿನ್ನೆ ನನಗೂ ಸೋಪಣ್ಣನಿಗೂ ಜಗಳವಾಗಿತ್ತು. ಹೆಂಡತಿಯನ್ನು ಡಾಕ್ಟರಿಗೆ ತೋರಿಸಬೇಕು, ನಾಳೆ ತಡವಾಗುತ್ತದೆ ಅಂದ. ಗಾಡಿ ಕೊಡುವ ದಿನವೇ ಆಗಬೇಕಾ ಎಂದು ಹಾರಾಡಿದ್ದೆ. ಸೇಡು ತೀರಿಸಿಕೊಂಡ, ಇನ್ನೇನು? ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಒಂಬತ್ತೂವರೆಗೆ ಅವನು ಬರುತ್ತಲೇ ಗಾಡಿ ತೋರಿಸಿದೆ.

“ಉಂಡ ಮನೆಗೆ ಎರಡು ಬಗೆಯೋದು ಅಂದ್ರೆ ಇದೇ. ಬೀಗದ ಕೈ ಇಟ್ಟು ಹೊರಡು!”

ಅವನು ಗೀರುಗಳನ್ನು ನೋಡಿದ. ಮೂಲೆಯ ಕುರ್ಚಿಯಲ್ಲಿ ಕೈ ಕಟ್ಟಿ ಕೂತಿದ್ದ ಅಪ್ಪನನ್ನು ನೋಡಿದ. ಬೀಗದ ಕೈಯನ್ನು ಮೇಜಿನ ಮೇಲಿಟ್ಟ.

ಅಷ್ಟರಲ್ಲಿ ಅತ್ತೆ ಬಂದರು—ಅಪ್ಪನ ಅಕ್ಕ, ಮೂವತ್ತು ವರ್ಷ ಪೊಲೀಸ್ ಬೆರಳುಮುದ್ರೆ ವಿಭಾಗದಲ್ಲಿ ಕಣ್ಣು ಸವೆಸಿದವರು. ನಾನೇ ಫೋನ್ ಮಾಡಿದ್ದೆ. ಭೂತಗನ್ನಡಿ ಹಿಡಿದು ಗೀರುಗಳನ್ನು ನೋಡಿದರು. ಕಸದ ಬುಟ್ಟಿಯಿಂದ ಮುದ್ದೆಯಾಗಿದ್ದ ಕೆಂಪು ಸ್ಟಿಕರ್ ತೆಗೆದು ಮೆಲ್ಲಗೆ ಬಿಡಿಸಿದರು. ಆಮೇಲೆ ಪ್ರಶ್ನೆ ಶುರು.

“ಅಂಗಡಿ ತೆರೆಯೋದು ಎಷ್ಟಕ್ಕೆ?”

“ಎಂಟೂವರೆಗೆ,” ಅಂದೆ.

“ನೀನು ದಿನಾ ಬರೋದು ಎಷ್ಟಕ್ಕೋ?”

“ಏಳಕ್ಕಮ್ಮಾ,” ಅಂದ ಸೋಪಣ್ಣ.

“ಬಂದು?”

“ಕಸ ಗುಡಿಸ್ತೀನಿ.”

“ಇಷ್ಟಗಲ ಅಂಗಡಿಗೆ ಒಂದೂವರೆ ಗಂಟೆ?”

ಅವನು ನೆಲ ನೋಡಿದ. “ಬೇಡಮ್ಮಾ. ನಾನೇ ಕಿತ್ತೆ ಅಂತ ಇಟ್ಕೊಳ್ಳಿ. ಹೋಗ್ತೀನಿ.”

“ಅಯ್ಯೋ, ಸುಳ್ಳು ಹೇಳೋಕೂ ಬರಲ್ಲ ನಿಂಗೆ.” ಅತ್ತೆ ಸ್ಟಿಕರನ್ನು ಕಿಟಕಿಯ ಬೆಳಕಿಗೆ ಹಿಡಿದರು. “ಇಲ್ಲಿ ಬಾರೇ. ಏನು ಕಾಣುತ್ತೆ?”

“ತೂತು... ಸೂಜಿ ತೂತು. ಎಷ್ಟೊಂದು!”

“ಗುಳ್ಳೆ ಚುಚ್ಚಿ ಗಾಳಿ ತೆಗೆದಿದ್ದಾರೆ. ಹಾಳು ಮಾಡೋಕೆ ಬಂದೋನು ಮೊದಲು ರಿಪೇರಿ ಮಾಡ್ತಾನೇನೇ? ಒಂದೊಂದೇ ಚುಚ್ಚಿ, ಒತ್ತಿ, ಆಗಲೇ ಇಲ್ಲ ಅಂದಾಗ ಬ್ಲೇಡು ತಗೊಂಡಿದ್ದಾರೆ. ಈ ಗೀರು ನೋಡು. ಸಿಟ್ಟಿನ ಕೈ ಆಗಿದ್ರೆ ಉದ್ದಕ್ಕೆ ಎಳೆದಿರೋದು. ಇದು ಬೆರಳಗಲಕ್ಕೊಂದು ಸಲ ನಡುಗಿದೆ.”

ನಾನು ಗೀರಿನ ಮೇಲೆ ಬೆರಳಾಡಿಸಿದೆ.

“ಇಷ್ಟು ಗುಳ್ಳೆ ತಾನೇ ಕೂರಲ್ಲ ಕಣೇ. ಇವನು ಏಳಕ್ಕೆ ಬಂದು, ಬಿಸಿಗಾಳಿ ಹಾಯಿಸಿ ಎಬ್ಬಿಸಿ, ಸೋಪು ನೀರಲ್ಲಿ ಮತ್ತೆ ಕೂರಿಸ್ತಿದ್ದ. ಇವತ್ತು ಬರಲಿಲ್ಲ. ನಿಮ್ಮ ಕಣ್ಣಿಗೆ ಬೀಳದೆ ಇದ್ದದ್ದು ಇಷ್ಟೇ.” ಅತ್ತೆ ಮೂಲೆಗೆ ತಿರುಗಿದರು. ದನಿ ತಗ್ಗಿತು. “ಬೆಳಿಗ್ಗೆಯಿಂದ ಯಾಕೋ ಕೈ ಕಟ್ಕೊಂಡೇ ಕೂತಿದ್ದೀಯ? ಬಿಚ್ಚೋ, ತಮ್ಮಾ.”

ಅಪ್ಪ ಕೈ ಬಿಚ್ಚಿದರು. ಬಲಗೈ ಮಂಡಿಯ ಮೇಲೆ ನಿಲ್ಲದೆ ನಡುಗುತ್ತಿತ್ತು. ಒಂದೇ ಮನೆಯಲ್ಲಿದ್ದೂ ನಾನಿದನ್ನು ಕಂಡಿರಲಿಲ್ಲ.

“ನಾನೇ ಕಣಕ್ಕಾ,” ಎಂದರು ಅಪ್ಪ. “ಏಳು ಗಂಟೆಯಾದ್ರೂ ಷಟರ್ ಸದ್ದು ಕೇಳಲಿಲ್ಲ. ನೋಡೋಣ ಅಂತ ಇಳಿದೆ. ಪಟ್ಟೆ ತುಂಬ ಗುಳ್ಳೆ... ಇವಳು ಅವನನ್ನ ಬೈತಿದ್ದಾಗ ಬಾಯಿ ಬಿಡೋಣ ಅಂದ್ರೆ ನಾಚಿಕೆ. ಸಾಯೋಷ್ಟು ನಾಚಿಕೆ.”

ನಾನು ಬೀಗದ ಕೈಯನ್ನು ಸೋಪಣ್ಣನ ಅಂಗೈಗಿಟ್ಟೆ. “ತಪ್ಪಾಯ್ತು,” ಅಂದೆ. ಅವನಿಗೆ ಕೇಳಿಸಿತೋ ಇಲ್ಲವೋ. ಅವನ ಕಣ್ಣು ಅಪ್ಪನ ಮೇಲಿತ್ತು.

“ಎಷ್ಟು ದಿನದಿಂದನೋ?” ಎಂದು ಅಪ್ಪ ಕೇಳಿದರು.

“ಹೋದ ವರ್ಷದಿಂದ, ಯಜಮಾನ್ರೆ.”

“ಶಾಲೆ ಬಸ್ಸು?”

“ಹೂಂ.”

“ಔಷಧಿ ಅಂಗಡಿ ಗಾಜು? ಎಲ್ಲರೂ ಹೊಗಳಿದ್ರಲ್ಲೋ...”

“ಅದೂ.”

ಅಪ್ಪ ಕುರ್ಚಿಯಿಂದ ಎದ್ದು ಅವನ ಬಳಿ ಬಂದರು. “ದಿನಾ ಬೆಳಿಗ್ಗೆ ಬಂದು, ನೋಡೋ, ನೀರಿಲ್ಲದೆ ಹೆಂಗೆ ಕೂತಿದೆ ಅಂತ ನಿನ್ನ ಆಡ್ಕೊಳ್ತಿದ್ನಲ್ಲೋ. ಒಂದು ಸಲನಾದ್ರೂ ಬಾಯಿ ಬಿಡಬಾರದಿತ್ತೇನೋ?”

ಸೋಪಣ್ಣ ತೋಳಿನಿಂದ ಕಣ್ಣೊರೆಸಿಕೊಂಡ.

“ನೀವು ಹಂಗೆ ಆಡ್ಕೊಂಡ ದಿನ ಮಧ್ಯಾಹ್ನ ಹೊಟ್ಟೆ ತುಂಬ ಊಟ ಮಾಡ್ತಿದ್ರಿ, ಯಜಮಾನ್ರೆ.”