ಅಂಗೈಗೆ ತಾಕಿದ್ದು

"ಕುರಿ ಹೊಟ್ಟಿ ಮುಟ್ಟಿ ನೋಡ್ರಿ ಅಳಿಯಾರ," ಎಂದಳು ದ್ಯಾಮಕ್ಕ. "ಒಳಗ ಅಲುಗಿದ್ರ ಬಿಟ್ಟುಬಿಡ್ರಿ. ಗೊತ್ತಿದ್ದೂ ಕೊಯ್ಸಿದ್ರ, ಕೊಯ್ಸಿದವನ ಮನಿ ಬಸುರಿಗೆ ತಟ್ಟತೈತಿ."

ತಂಬ್ರಹಳ್ಳಿಯ ಆ ಕುರಿರೊಪ್ಪದ ಬಾಗಿಲಲ್ಲಿ ದ್ಯಾಮಕ್ಕನ ಮಾವ ತಾಮ್ರದ ತಗಡು ಹೂಳಿಸಿ ಮಾಟದ ಕಟ್ಟು ಹಾಕಿಸಿದ್ದನಂತೆ, ಗಬ್ಬದ ಕುರಿಗೆ ಯಾರೂ ಕತ್ತಿ ಇಡಬಾರದೆಂದು. ಕೊಪ್ಪಳದಿಂದ ಬಂದಿದ್ದ ದ್ಯಾಮಕ್ಕನ ಮೊಮ್ಮಗಳ ಗಂಡ ಗವಿಸಿದ್ದೇಶ್ ಇದನ್ನು ಕೇಳಿ ನಕ್ಕ. ಆ ತಗಡಿಗೆ ನೆಟ್‌ವರ್ಕ್ ಸಿಗುತ್ತದೋ ಎಂದು ಕೇಳಿ ಗೆಳೆಯರನ್ನೂ ನಗಿಸಿದ. ಬಸುರಿ ಹೆಂಡತಿ ಕೀರ್ತನಾಳ ಕುಬುಸದ ಶಾಸ್ತ್ರ ಹಿಂದಿನ ದಿನ ಮುಗಿದಿತ್ತು. ಇವತ್ತು ಗೆಳೆಯರಿಗೆ ಬಾಡೂಟ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ ಅವನು. ಇದ್ದುದರಲ್ಲೇ ದಪ್ಪನೆಯ ಕುರಿಯನ್ನು ತಾನೇ ಆರಿಸಿ, ಕುರಿ ನೋಡುವುದನ್ನು ನನಗೆ ಯಾರೂ ಕಲಿಸಬೇಕಿಲ್ಲ ಎಂದು ಜಂಬ ಕೊಚ್ಚಿಯೂ ಆಗಿತ್ತು.

ಹೊಟ್ಟೆಗೆ ಕೈ ಇಟ್ಟ. ಬಿಸಿ ಚರ್ಮದ ಕೆಳಗಿನಿಂದ ಪುಟ್ಟ ಗೊರಸೊಂದು ಅಂಗೈಗೆ ಒದೆಯಿತು. ಬೆಚ್ಚಿದ. ಗೆಳೆಯರು ನೋಡುತ್ತಿದ್ದರು. ಆಡಿದ ಮಾತು ನುಂಗುವುದಕ್ಕಿಂತ ಸುಳ್ಳು ಹೇಳುವುದೇ ಹಗುರವೆನಿಸಿತು.

"ಏನೂ ಇಲ್ಲ. ಮೇವು ತಿಂದು ಉಬ್ಬೈತಿ."

ಕೊಯ್ದ ಮೇಲೆ ಒಳಗಿನ ಮರಿ ಎಲ್ಲರ ಕಣ್ಣಿಗೂ ಬಿತ್ತು. ಕೈಗೆ ತಾಕಲೇ ಇಲ್ಲ ಎಂದು ಆಣೆ ಮಾಡಿದ. ಗೆಳೆಯರು ನಂಬಿದರು. ತನ್ನ ತಟ್ಟೆಯ ಬಾಡನ್ನು ಮಾತ್ರ ಅವನು ಪಕ್ಕದ ಗೆಳೆಯನ ತಟ್ಟೆಗೆ ಸರಿಸಿದ.

ಮರುದಿನ ಬೆಳಗಿನಿಂದ ಕೀರ್ತನಾಳ ಹೊಟ್ಟೆಯಲ್ಲಿ ಕೂಸು ಅಲುಗಲಿಲ್ಲ. ಎಡಕ್ಕೆ ಹೊರಳಿ ಮಲಗಿದಳು, ಬೆಲ್ಲದ ನೀರು ಕುಡಿದಳು, ಇಲ್ಲ. ದ್ಯಾಮಕ್ಕ ಅಳಿಯನನ್ನು ಪಕ್ಕಕ್ಕೆ ಕರೆದು, ಗೊತ್ತಿದ್ದೇ ಕೊಯ್ಯಿಸಿದ್ದರೆ ಬಸುರಿಯ ಮುಂದೆ ಬಾಯಿಬಿಟ್ಟು ಒಪ್ಪಿಕೊಳ್ಳಿ, ಕಟ್ಟು ಬಿಚ್ಚುತ್ತದೆ ಎಂದಳು. ಗೊತ್ತಿರಲಿಲ್ಲ ಎಂದ. ಹಾಗೆನ್ನುವಾಗಲೇ ಅವನ ಹೊಕ್ಕುಳ ಕೆಳಗೆ ಏನೋ ಮಗ್ಗುಲು ಬದಲಿಸಿತು. ಗ್ಯಾಸು ಅಂದುಕೊಂಡ. ಗ್ಯಾಸಿಗೆ ಗೊರಸಿರುವುದಿಲ್ಲ. ಗಂಡಸಾದವನು ಹೊಟ್ಟೆ ಹಿಡಿದುಕೊಂಡು ಯಾರ ಮುಂದೆ ಏನೆಂದು ಹೇಳಿಯಾನು? ನಾಚಿಕೆಯಿಂದ ಸತ್ತಂತಾಗಿ, ಅಂಗಿಯನ್ನು ಪ್ಯಾಂಟಿನಿಂದ ಹೊರಗೆಳೆದು ಇಳಿಬಿಟ್ಟುಕೊಂಡು, ಕೀರ್ತನಾಳನ್ನು ಆಸ್ಪತ್ರೆಗೆ ಒಯ್ಯಲು ಕಾರು ತೆಗೆದ.

ಹಗರಿಬೊಮ್ಮನಹಳ್ಳಿಯ ಸ್ಕ್ಯಾನಿಂಗ್ ಕೋಣೆಯಲ್ಲಿ ದೀಪ ಆರಿಸಿದ್ದರು. ಫಿನಾಯಿಲ್ ವಾಸನೆ. ಅದರ ಅಡಿಯಿಂದ ಮೆಲ್ಲಗೆ ಎದ್ದು ಬಂತು ಒದ್ದೆ ಉಣ್ಣೆಯ ವಾಸನೆ, ಹಸಿ ರಕ್ತದ ವಾಸನೆ. ಡಾಕ್ಟರಮ್ಮ ಹೊಟ್ಟೆಯ ಮೇಲೆ ಯಂತ್ರ ಆಡಿಸುತ್ತ ಆಡಿಸುತ್ತ ಒಂದೇ ಕಡೆ ಒತ್ತಿ ಹಿಡಿದರು. ಕೂಸಿನ ಎದೆಬಡಿತ ತೀರಾ ನಿಧಾನವಾಗಿತ್ತು. ಟಪ್. ಬಹಳ ಹೊತ್ತು ಏನಿಲ್ಲ. ಟಪ್. ಗವಿಸಿದ್ದೇಶನ ಹೊಟ್ಟೆಯೊಳಗೆ ನಾಲ್ಕೂ ಗೊರಸು ಒಟ್ಟಿಗೆ ಒದ್ದವು. ಕತ್ತಲಲ್ಲಿ ಕುರಿಯೊಂದು ಉಸಿರೆಳೆಯಿತು. ಹತ್ತಿರ. ಇನ್ನೂ ಹತ್ತಿರ. ಅವನ ಕಿವಿಯಲ್ಲೇ. ಟಪ್ ಸದ್ದು ಮತ್ತೆ ಬರಲಿಲ್ಲ.

"ಕೀರ್ತಿ, ನನಗ ಗೊತ್ತಿತ್ತು," ಎಂದ. "ಅದು ಒದ್ದಿತ್ತು. ಕೈಗೆ ತಾಕಿತ್ತು. ನಾಲ್ಕು ಮಂದಿ ಮುಂದ ನಾಚಿಕಿ ಆಗಿ ಕೊಯ್ಸಿಬಿಟ್ಟೆ."

ಯಂತ್ರದಲ್ಲಿ ಸದ್ದು ಮರಳಿತು, ಒಂದರ ಹಿಂದೆ ಒಂದು, ದಡಬಡ. ಕೀರ್ತನಾಳ ಹೊಟ್ಟೆಯ ಒಂದು ಬದಿ ಉಬ್ಬಿ ಇಳಿಯಿತು. ಡಾಕ್ಟರಮ್ಮ ನಿಟ್ಟುಸಿರು ಬಿಟ್ಟು, ಬಂದು ಮುಟ್ಟಿ ನೋಡಿ ಎಂದು ಅವನನ್ನು ಕರೆದರು. ಅವನು ಕೈ ಚಾಚಿದ.

ಕೀರ್ತನಾ ಸೆರಗು ಎಳೆದುಕೊಂಡಳು. "ಆ ಕೈ ಬ್ಯಾಡ್ರಿ," ಎಂದಳು.

ತಿಂಗಳು ತುಂಬಿ ಅವಳು ಹೆತ್ತಳು. ಅವನು ಎತ್ತಿಕೊಂಡರೆ ಕೂಸು ಉಸಿರು ಕಟ್ಟುವಂತೆ ಅಳುತ್ತದೆ. ಹಾಗಾಗಿ ಯಾರೂ ಕೊಡುವುದಿಲ್ಲ, ಅವನೂ ಕೇಳುವುದಿಲ್ಲ. ಕಟ್ಟು ಬಿಚ್ಚಿದ್ದು ಅವಳಿಗೆ ಮಾತ್ರ. ತನ್ನ ಹೊಟ್ಟೆಯೊಳಗಿನ ಮರಿಯ ಸಂಗತಿಯನ್ನು ಅವನು ಇನ್ನೂ ಯಾರಿಗೂ ಹೇಳಿಲ್ಲ, ಹೇಳಲು ಮುಖವಿಲ್ಲ. ಈಚೆಗೆ ಬೋರಲು ಮಲಗಲಾಗುತ್ತಿಲ್ಲ. ಸಡಿಲ ಅಂಗಿಯೊಳಗೆ ಹೊಟ್ಟೆ ಬಿಗಿಯುತ್ತಿದೆ. ಅದಕ್ಕೂ ದಿನ ತುಂಬುತ್ತ ಬಂದಿದೆ.