ಎರಡನೇ ಕೀಲಿಯ ಸಾಕ್ಷಿ

ನೀರಿನ ಪೈಪು ಹರಿಯುತ್ತಲೇ ಇತ್ತು. ಅಂಗಳ ದಾಟಿ, ಗೇಟಿನ ಕೆಳಗಿಂದ ನೀರು ರಸ್ತೆಗೆ ಇಳಿದದ್ದನ್ನು ಮಹಡಿಯಿಂದ ನೋಡಿದ ಯಜಮಾನ, ಮಾಲಿಗೆ ನಾಲ್ಕು ಮಾತು ಬೈಯಲೆಂದೇ ಕೆಳಗೆ ಬಂದ. ಕಾರಿನ ಹಿಂದೆ ಎರಡು ಪಾದಗಳು ಕಂಡವು. ಒಂದರಲ್ಲಿ ಚಪ್ಪಲಿ ಇರಲಿಲ್ಲ. ಉರುಳಿಬಿದ್ದ ಹೂಕುಂಡದ ಪಕ್ಕದಲ್ಲಿ ಮಾಲಿ ಮಗ್ಗುಲಾಗಿ ಬಿದ್ದಿದ್ದ. ಸೊಂಟ ಮುರಿದಿತ್ತು, ತಲೆಗೆ ಪೆಟ್ಟಾಗಿತ್ತು, ಪ್ರಜ್ಞೆ ಇರಲಿಲ್ಲ.

ಆಗ ಬೆಳಿಗ್ಗೆ ಒಂಬತ್ತು ಐವತ್ತು.

ಹನ್ನೊಂದರ ಹೊತ್ತಿಗೆ ಅಪರಾಧಿಯೂ ಸಿಕ್ಕಿದ್ದ. ಪೊಲೀಸರು ಹಿಡಿದದ್ದಲ್ಲ, ಕಾರೇ ಹಿಡಿದುಕೊಟ್ಟಿತ್ತು! ಕಾರು ಕಂಪನಿಯ ಎಂಜಿನಿಯರ್ ಲ್ಯಾಪ್‌ಟಾಪ್ ತೆರೆದು ಓದಿಹೇಳಿದ್ದ: ಒಂಬತ್ತು ನಲವತ್ತಕ್ಕೆ ಎರಡನೇ ಕೀಲಿಯಿಂದ ಗಾಡಿ ಚಾಲೂ ಆಗಿದೆ, ಹಿಂದಕ್ಕೆ ಹತ್ತು ಅಡಿ ಚಲಿಸಿದೆ, ನಿಂತಿದೆ. ಎರಡನೇ ಕೀಲಿ ಡ್ರೈವರನದು. ಮುಗಿಯಿತಲ್ಲ!

ಆ ಡ್ರೈವರ್ ಮಾಲಿಯ ಒಡಹುಟ್ಟಿದ ತಮ್ಮ.

ನಮ್ಮ ಡ್ರೈವಿಂಗ್ ಸ್ಕೂಲಿಗೆ ಅವನ ಫೋನ್ ಬಂದದ್ದು ಒಂದು ಗಂಟೆಗೆ. ಸ್ಕೂಲು ನನ್ನ ಸೋದರತ್ತೆಯದು. ಮೂವತ್ತೊಂದು ವರ್ಷದಿಂದ ಊರಿಗೆಲ್ಲ ಸ್ಟಿಯರಿಂಗ್ ಹಿಡಿಯುವುದನ್ನು ಕಲಿಸಿದ್ದಾಳೆ. ಹತ್ತು ವರ್ಷದಿಂದ ನಾನೂ ಅವಳ ಜೊತೆ ಕಲಿಸುತ್ತಿದ್ದೇನೆ, ಅಂದರೆ ಅವಳ ಬೈಗುಳ ತಿನ್ನುತ್ತಿದ್ದೇನೆ. ಅತ್ತೆಗೆ ಮೂಗಿನ ತುದಿಯಲ್ಲೇ ಕೋಪ. ಈಗಿನ ಕಾರುಗಳ ವಿಷಯ ಎತ್ತಿದರಂತೂ ಕೇಳುವುದೇ ಬೇಡ.

"ಮೇಡಂ, ನಾನು ಆ ಕಾರು ಮುಟ್ಟೇ ಇಲ್ಲ," ಎಂದ ಡ್ರೈವರ್. ಆರಡಿ ಎತ್ತರದ ಆಳು, ಫೋನಿನಲ್ಲಿ ಮಗುವಿನ ಹಾಗೆ ಅಳುತ್ತಿದ್ದ. "ಹಿಂದಿನ ರೂಮಲ್ಲಿ ತಿಂಡಿ ತಿಂತಾ ಇದ್ದೆ. ಒಬ್ಬರೂ ನಂಬ್ತಿಲ್ಲ. ಮೂರು ಗಂಟೆಗೆ ಸ್ಟೇಷನ್‌ಗೆ ಕರ್ಕೊಂಡು ಹೋಗ್ತಾರಂತೆ."

"ಅಣ್ಣ ಹೇಗಿದಾನೆ?"

"ಆಸ್ಪತ್ರೇಲಿ. ಆದ್ರೆ ಅತ್ತಿಗೆ ನನ್ನನ್ನ ಒಳಗೆ ಬಿಡ್ಲಿಲ್ಲ ಮೇಡಂ. ಯಜಮಾನರು ಫೋನ್ ಮಾಡಿ, ನಿನ್ನ ಮೈದುನಾನೇ ಗುದ್ದಿದ್ದು ಅಂತ ಹೇಳ್ಬಿಟ್ಟಿದಾರೆ. 'ನೀನು ಮಾಡ್ಲಿಲ್ಲ ಅಂದ್ರೆ ಕಂಪ್ಯೂಟರ್ ಯಾಕೆ ಸುಳ್ಳು ಹೇಳತ್ತೆ' ಅಂದ್ರು. ಬಾಗಿಲು ಹಾಕ್ಕೊಂಡ್ರು."

ಅತ್ತೆ ಫೋನ್ ಇಟ್ಟವಳೇ ಚಪ್ಪಲಿ ಮೆಟ್ಟಿದಳು.

"ಅವನು ರಿವರ್ಸ್ ತೆಗೆಯೋಕೆ ಮುಂಚೆ ಇಳಿದು ಗಾಡಿ ಸುತ್ತ ಒಂದು ಸುತ್ತು ಬರ್ತಾನೆ. ನಾನೇ ಕಲಿಸಿದ್ದು. ಇಪ್ಪತ್ತೆರಡು ವರ್ಷದಿಂದ ಬಿಟ್ಟಿಲ್ಲ. ಅವನು ಗುದ್ದಿದ ಅಂದ್ರೆ ನನ್ನ ಕಿವಿ ಕೊಯ್ದು ಕೊಡ್ತೀನಿ. ನಡಿ."

*

ಯಜಮಾನನಿಗೆ ಸೋಫಾ, ಮಂಚಗಳ ದೊಡ್ಡ ಅಂಗಡಿ. ಮನೆಯಲ್ಲಿ ದೀಪ ಹಚ್ಚಲು ಸ್ವಿಚ್ಚಿಲ್ಲ, ಬಾಯಲ್ಲಿ ಹೇಳಬೇಕು. ನಾವು ಒಳಗೆ ಕಾಲಿಟ್ಟಾಗ ಆತ ನಡುಹಗಲಲ್ಲಿ ಪರದೆಗೆ "ತೆರೆದುಕೋ" ಎಂದು ಮೂರು ಸಲ ಹೇಳಿ, ಕೊನೆಗೆ ಎದ್ದು ಕೈಯಿಂದಲೇ ಎಳೆದ. ಗೇಟಿನ ಕ್ಯಾಮೆರಾದ ದೃಶ್ಯ ಇದೆಯೇ ಎಂದರೆ, ಅದು ಮೂರು ವಾರದಿಂದ ಅಪ್‌ಡೇಟ್ ಆಗುತ್ತಿದೆಯಂತೆ. ಹಾಗೆ ಹೇಳುವಾಗಲೂ ಆತನ ದನಿಯಲ್ಲಿ ಹೆಮ್ಮೆ ಕಡಿಮೆಯಾಗಿರಲಿಲ್ಲ.

ಸಬ್ ಇನ್ಸ್‌ಪೆಕ್ಟರ್ ಅಂಗಳದಲ್ಲಿದ್ದರು. ಅವರಿಗೂ ಗಾಡಿ ಕಲಿಸಿದವಳು ಅತ್ತೆಯೇ. ಎದ್ದು ನಿಂತರು.

"ಮೇಡಂ, ನೀವು ಬಂದಿದ್ದು ಸಂತೋಷ. ಆದ್ರೆ ಇದು ಟೆಕ್ನಿಕಲ್ ವಿಷಯ..."

"ಹೌದಪ್ಪ. ಕ್ಲಚ್ಚಿಗೂ ಬ್ರೇಕಿಗೂ ವ್ಯತ್ಯಾಸ ಗೊತ್ತಾಗೋಕೆ ನಿನಗೆ ಎರಡು ತಿಂಗಳು ಹಿಡೀತು. ನೆನಪಿದೆ ನಂಗೆ."

ಮೂಲೆಯಲ್ಲಿ ಗೋಡೆಗೊರಗಿ ಡ್ರೈವರ್ ನಿಂತಿದ್ದ. ಕಾರಿನ ಬಾನೆಟ್ಟಿನ ಪಕ್ಕ ಎಂಜಿನಿಯರ್. ಮೂವತ್ತರ ವಯಸ್ಸು, ಇಸ್ತ್ರಿ ಮುರಿಯದ ಅಂಗಿ, ಬಾಚಿ ಎತ್ತಿ ನಿಲ್ಲಿಸಿದ ಹೊಳೆಯುವ ಕೂದಲು. ಅದು ಬಿದ್ದಿಲ್ಲ ತಾನೇ ಎಂದು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದ.

"ನೀವು ಎಷ್ಟು ಗಂಟೆಗೆ ಬಂದ್ರಿ?" ಅತ್ತೆ ಅವನನ್ನು ಕೇಳಿದಳು.

"ಹತ್ತಕ್ಕೆ. ಅಪಾಯಿಂಟ್‌ಮೆಂಟ್ ಇತ್ತು. ಸಾಫ್ಟ್‌ವೇರ್ ಅಪ್‌ಡೇಟ್ ಮಾಡ್ಬೇಕಿತ್ತು. ಬಂದಾಗ ಇಲ್ಲಿ ಆಂಬುಲೆನ್ಸು, ಗಲಾಟೆ."

"ಅಪ್‌ಡೇಟ್ ಆಯ್ತಾ?"

"ಎಲ್ಲಿ ಆಗತ್ತೆ ಮೇಡಂ, ಶುರುವೇ ಮಾಡಿಲ್ಲ. ಪೊಲೀಸರು ಗಾಡಿ ಲಾಕ್ ಮಾಡಿದಾರೆ."

"ಮತ್ತೆ ಅದರೊಳಗಿನ ಲೆಕ್ಕ ಹೇಗೆ ಓದಿದ್ರಿ?"

ಅವನು ನಕ್ಕ. ತಿಳಿಯದವರಿಗೆ ತಿಳಿದವರು ದಾನ ಮಾಡುವ ನಗು ಅದು. "ಈಗೆಲ್ಲ ವೈರು ಬೇಡ. ಹೊರಗೆ ನಿಂತೇ ಓದ್ತೀವಿ. ಗಾಡಿ ಮುಟ್ಟೋದೇ ಬೇಕಾಗಿಲ್ಲ."

"ಅಂದ್ರೆ ನೀವು ಮುಟ್ಟಿಲ್ಲ?"

"ಇಲ್ಲ."

"ಒಳಗೆ ಕೂತಿಲ್ಲ? ಈವತ್ತು ಒಂದು ಸಲಾನೂ?"

"ಇಲ್ಲ ಅಂದ್ನಲ್ಲ ಮೇಡಂ. ನಮ್ಮ ಕೆಲಸ ಗ್ರೀಸ್ ಮೆತ್ಕೊಳ್ಳೋದಲ್ಲ."

"ಬರ್ಕೊಳ್ಳಪ್ಪ," ಎಂದಳು ಅತ್ತೆ, ಸಬ್ ಇನ್ಸ್‌ಪೆಕ್ಟರ್ ಕಡೆ ತಿರುಗಿ. ಅವರು ಯಾಕೆಂದು ಕೇಳದೆ ಬರೆದುಕೊಂಡರು.

ಯಜಮಾನ ತಾಳ್ಮೆಗೆಟ್ಟ. "ಇದೆಲ್ಲ ಯಾಕ್ರೀ? ನನ್ನ ಕಾರಿಗೆ ಇರೋದು ಎರಡೇ ಕೀ. ಒಂದು ನನ್ನ ಫೋನು. ಅದು ನನ್ನ ಹತ್ರಾನೇ ಇತ್ತು. ಇನ್ನೊಂದು ಇವನ ಕೈಲಿ. ಮನುಷ್ಯ ಸುಳ್ಳು ಹೇಳ್ತಾನೆ, ಗಾಡಿ ಹೇಳಲ್ಲ. ನಲವತ್ತೆಂಟು ಸೆನ್ಸರ್ ಇವೆ ಇದಕ್ಕೆ!"

"ನಲವತ್ತೆಂಟು ಇದ್ದೂ ಒಬ್ಬ ಮನುಷ್ಯನ ಸೊಂಟ ಕಾಣಿಸ್ಲಿಲ್ವಾ?"

ಆತ ಕಾರಿನ ಹಿಂಬದಿಯ ಕಡೆ ನೋಡಿದ.

"ಕೀ ಎಲ್ಲಿಡ್ತೀಯ ನೀನು?" ಅತ್ತೆ ಡ್ರೈವರನನ್ನು ಕೇಳಿದಳು.

"ಶೆಡ್ಡಿನ ಮೊಳೆಗೆ, ಮೇಡಂ. ಒರೆಸೋ ಬಟ್ಟೆ ಪಕ್ಕ. ಜೇಬಲ್ಲಿಟ್ರೆ ಗಾಡಿ ಹತ್ರ ಹೋದಾಗೆಲ್ಲ ತಾನೇ ಬಾಗಿಲು ತೆರ್ಕೊಳ್ಳತ್ತೆ. ಕಿರಿಕಿರಿ."

"ಎಲ್ಲಿರತ್ತೆ ಅಂತ ಯಾರಿಗೆ ಗೊತ್ತು?"

"ಅಣ್ಣಂಗೆ ಗೊತ್ತು. ಯಾರು ಕೇಳಿದ್ರೂ ತೋರಿಸ್ತಾನೆ, ಅಷ್ಟು ಒಳ್ಳೇವನು." ಅವನು ಕಣ್ಣೊರೆಸಿಕೊಂಡ.

ಎಂಜಿನಿಯರ್ ಮುಂದೆ ಬಂದ. "ಇನ್ನೊಂದು ಸಾಕ್ಷಿ ಇದೆ ಮೇಡಂ. ಸೀಟು ನೋಡಿ. ಪೂರ್ತಿ ಹಿಂದಕ್ಕೆ, ಕೆಳಕ್ಕೆ ಇದೆ. ಈ ಮನೇಲಿ ಅಷ್ಟು ಎತ್ತರದವರು ಇವರೊಬ್ಬರೇ."

ಸಬ್ ಇನ್ಸ್‌ಪೆಕ್ಟರ್ ತಲೆಯಾಡಿಸಿದರು. "ಅದನ್ನ ನಾನೂ ನೋಡ್ದೆ."

ಡ್ರೈವರ್ ತಲೆ ತಗ್ಗಿಸಿದ. ಅತ್ತೆ ಮಾತ್ರ ಗಡಿಯಾರ ನೋಡಿಕೊಂಡಳು. ಎರಡೂ ಕಾಲು.

"ಕೀ ಕೊಡಪ್ಪ. ನಾನು ಕೂತು ನೋಡ್ತೀನಿ."

"ಮೇಡಂ, ಸಾಕ್ಷಿ ಇರೋ ಗಾಡಿ..."

"ಏನೂ ಮುಟ್ಟಲ್ಲ. ಕೂರೋದು ಅಷ್ಟೆ. ಬೆಳಿಗ್ಗೆಯಿಂದ ಇಷ್ಟು ಜನ ಸೇರಿದ್ದೀರಿ, ಒಬ್ಬರಾದ್ರೂ ಡ್ರೈವರ್ ಸೀಟಲ್ಲಿ ಕೂತು ನೋಡಿದ್ರಾ?"

ಯಾರೂ ಕೂತಿರಲಿಲ್ಲ. ಅದೇ ನಿಜ. ಹೊರಗೆ ನಿಂತು ಪರದೆ ನೋಡಿದ್ದರು, ಕಿಟಕಿಯಿಂದ ಇಣುಕಿದ್ದರು. ಅಪಘಾತ ಮಾಡಿದ ಗಾಡಿಯನ್ನು ಓಡಿಸಿದವನ ಜಾಗದಿಂದ ನೋಡಬೇಕೆಂದು ಅಷ್ಟು ಜನ ಬುದ್ಧಿವಂತರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಅತ್ತೆ ಕೂತಳು. ಸ್ಟಿಯರಿಂಗ್ ಮುಟ್ಟಲಿಲ್ಲ. ಕಲಿಯಲು ಬಂದವರಿಗೆ ಮೊದಲ ದಿನ ಮೊದಲ ಪಾಠ ಹೇಳುವಾಗ ಮಾಡುವಂತೆ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ನಡುವಿನ ಕನ್ನಡಿ ನೋಡಿದಳು. ಅಲ್ಲೇ ಕಣ್ಣು ನೆಟ್ಟಳು. ಹತ್ತು ಸೆಕೆಂಡು. ಆಮೇಲೆ ಮೂಗು ಹತ್ತಿರ ಒಯ್ದು ಮೂಸಿ ನೋಡಿದಳು!

ಇಳಿದು ಬಂದವಳ ಮುಖದಲ್ಲಿ ನನಗೆ ಚೆನ್ನಾಗಿ ಪರಿಚಯವಿರುವ ಒಂದು ನಗು ಇತ್ತು. ಲೈಸೆನ್ಸ್ ಟೆಸ್ಟಿನಲ್ಲಿ ಜಂಬದವರು ಫೇಲಾದಾಗ ಬರುವ ನಗು.

"ಈ ಕನ್ನಡಿ ದಿನಾ ಒರೆಸ್ತೀಯ?" ಡ್ರೈವರನನ್ನು ಕೇಳಿದಳು.

"ಬೆಳಿಗ್ಗೆ ಎಂಟಕ್ಕೆ, ಮೇಡಂ. ಎಲ್ಲಾ ಗಾಜೂ ಒರೆಸ್ತೀನಿ. ಈವತ್ತೂ ಒರೆಸಿದೀನಿ."

"ಒರೆಸಿದ್ಮೇಲೆ ಕನ್ನಡಿ ಯಾವ ಕಡೆ ತಿರುಗಿಸಿಡ್ತೀಯ?"

"ಹಿಂದಿನ ಗಾಜು ಪೂರ್ತಿ ಕಾಣೋ ಹಾಗೆ. ನೀವೇ ಹೇಳ್ಕೊಟ್ಟಿದ್ದಲ್ವಾ?"

"ಇನ್ಸ್‌ಪೆಕ್ಟ್ರೇ, ಹೋಗಿ ಕೂತ್ಕೊಳ್ಳಿ. ಕನ್ನಡೀಲಿ ಏನು ಕಾಣತ್ತೆ ಹೇಳಿ."

ಅವರು ಕೂತರು. ಕಣ್ಣು ಕಿರಿದು ಮಾಡಿದರು. "ನನ್ನ... ನನ್ನ ಮುಖಾನೇ ಕಾಣ್ತಿದೆ. ಹಣೆ, ಕೂದಲು. ಹಿಂದಿನದು ಏನೂ ಕಾಣ್ತಿಲ್ಲ."

"ಕನ್ನಡಿ ಕೆಳಗಿನ ಅಂಚಲ್ಲಿ ಏನಿದೆ? ಮುಟ್ಬೇಡಿ."

"ಹೆಬ್ಬೆಟ್ಟಿನ ಗುರುತು. ಜಿಡ್ಡು ಜಿಡ್ಡಾಗಿದೆ. ಒಳ್ಳೆ ಪರಿಮಳ..."

ಎಂಜಿನಿಯರನ ಕೈ ಅಭ್ಯಾಸಬಲದಿಂದ ತಲೆಯ ಕಡೆಗೆ ಹೊರಟಿತ್ತು. ಅರ್ಧದಾರಿಯಲ್ಲಿ ನಿಂತಿತು.

*

"ಸೀಟಿನ ವಿಷಯ ಮೊದಲು ಮುಗಿಸೋಣ," ಎಂದಳು ಅತ್ತೆ. "ಇನ್ಸ್‌ಪೆಕ್ಟ್ರೇ, ಗುಂಡಿ ಒತ್ತಿ ಸೀಟು ಮುಂದಕ್ಕೆ ತನ್ನಿ. ಇನ್ನೂ. ಸಾಕು. ಇಳಿದು ಕೀಯಿಂದ ಲಾಕ್ ಮಾಡಿ. ಈಗ ತೆಗೀರಿ."

ಬಾಗಿಲು ತೆರೆದ ಕ್ಷಣ ಸೀಟು ಗುಂಯ್ ಎನ್ನುತ್ತಾ ತಾನಾಗಿ ಹಿಂದಕ್ಕೆ ಸರಿಯಿತು, ಕೆಳಕ್ಕೆ ಕುಸಿಯಿತು.

"ನೋಡಿದ್ರಾ? ಈ ಕೀ ಹಿಡಿದವನು ಕುಳ್ಳನೋ ಉದ್ದನೋ, ಸೀಟಿಗೆ ಅದು ಬೇಕಾಗಿಲ್ಲ. ಎರಡನೇ ಕೀ ಅಂದ್ರೆ ಉದ್ದನೆಯವನು, ಅಷ್ಟೇ ಅದಕ್ಕೆ ಗೊತ್ತಿರೋದು. ಓಡಿಸಿದವನು ಇಳಿದು ಒಂದು ಸಲ ಲಾಕ್ ಮಾಡಿ ತೆಗೆದ್ರೆ ಸಾಕು, ಅವನ ಗುರುತನ್ನ ಗಾಡೀನೇ ಒರೆಸಿಹಾಕತ್ತೆ. ಈ ವಿಷಯ ಗೊತ್ತಿರೋರು ಯಾರು? ಗಾಡಿ ಮಾಡಿದ ಕಂಪನಿಯವರು."

"ನಾನು ಹತ್ತಕ್ಕೆ..." ಎಂಜಿನಿಯರ್ ಶುರುಮಾಡಿದ.

"ತಡಿಯಪ್ಪ, ನಿನ್ನ ವಿಷಯಕ್ಕೂ ಬರ್ತೀನಿ. ಈ ಗಾಡೀಲಿ ಸೀಟು ತಾನೇ ಸರಿಯತ್ತೆ. ಹೊರಗಿನ ಕನ್ನಡಿ ತಾನೇ ತಿರುಗತ್ತೆ. ಸ್ಟಿಯರಿಂಗೂ ತಾನೇ ಏರತ್ತೆ ಇಳಿಯತ್ತೆ. ಕೈಯಿಂದ ತಿರುಗಿಸ್ಬೇಕಾದ್ದು ಒಂದೇ ಒಂದು ಉಳಿದಿದೆ, ನಡುವಿನ ಕನ್ನಡಿ. ಅದು ಯಾವ ಕಂಪ್ಯೂಟರಿಗೂ ಲೆಕ್ಕ ಒಪ್ಪಿಸಲ್ಲ. ಅದಕ್ಕೇ ನೀವ್ಯಾರೂ ಅದರ ಕಡೆ ನೋಡ್ಲಿಲ್ಲ. ಈಗ ಹೇಳಿ, ರಿವರ್ಸ್ ತೆಗೆಯೋನು ಕನ್ನಡೀಲಿ ತನ್ನ ಮುಖ ನೋಡ್ಕೊಂಡು ಕೂರ್ತಾನಾ? ಇಪ್ಪತ್ತೆರಡು ವರ್ಷ ಗಾಡಿ ಓಡಿಸಿದೋನು? ಯಜಮಾನ್ರೇ, ನೀವಾ?"

ಯಜಮಾನ ತನ್ನ ಬೋಳುತಲೆ ಸವರಿಕೊಂಡ. "ಛೆ ಛೆ!"

"ಹಿಂದೆ ನೋಡೋಕೆ ಸ್ಕ್ರೀನ್ ಇದೆ, ಕನ್ನಡಿ ಇರೋದು ಕ್ರಾಪು ನೋಡ್ಕೊಳ್ಳೋಕೆ ಅಂತ ತಿಳ್ಕೊಂಡೋನು ಕೂತಿದ್ದ. ಆ ತಲೆ ಕ್ರೀಮಿನ ಗುರುತು ಎಂಟು ಗಂಟೆ ಆದ್ಮೇಲೆ ಬಿದ್ದಿದ್ದು. ಗಾಡಿ ಮುಟ್ಟೇ ಇಲ್ಲ ಅಂತ ಈ ಮಹಾಶಯ ಎರಡು ಸಲ ಬರೆಸಿದಾನೆ. ಇನ್ಸ್‌ಪೆಕ್ಟ್ರೇ, ಇವನ ಹೆಬ್ಬೆಟ್ಟು ತಗೊಳ್ಳಿ. ಮೊದಲು ಆ ಲ್ಯಾಪ್‌ಟಾಪಲ್ಲಿ ಇನ್ನೊಂದು ಪುಟ ತೆಗೆಸಿ. ಅಪ್‌ಡೇಟ್ ಯಾವಾಗ ಆಯ್ತು ಅನ್ನೋದು."

ಎಂಜಿನಿಯರ್ ಲ್ಯಾಪ್‌ಟಾಪ್ ಮುಚ್ಚಲು ಹೋದ. ಸಬ್ ಇನ್ಸ್‌ಪೆಕ್ಟರ್ ಅವನ ಮಣಿಕಟ್ಟು ಹಿಡಿದರು. ಪುಟ ತೆರೆಯಿತು. ಅಪ್‌ಡೇಟ್ ಆರಂಭ: ಒಂಬತ್ತು ಹತ್ತು. ಮುಕ್ತಾಯ: ಒಂಬತ್ತು ಮೂವತ್ತೆಂಟು.

"ನಂಗೆ ಬೇಗ ಮುಗಿಸಿ ಇನ್ನೊಂದು ಕಡೆ ಹೋಗ್ಬೇಕಿತ್ತು," ಅವನ ದನಿ ಸಣ್ಣಗಾಯಿತು. "ಮಾಲಿನೇ ಗೇಟು ತೆಗೆದ. ಕೀ ಅವನೇ ತಂದುಕೊಟ್ಟ. ಅಪ್‌ಡೇಟ್ ಆದ್ಮೇಲೆ ಹತ್ತಡಿ ರಿವರ್ಸ್ ತೆಗೀಬೇಕು, ಆಗ ಸೆನ್ಸರ್‌ಗಳು ಮತ್ತೆ ಕಲ್ತುಕೊಳ್ತವೆ. ಅಲ್ಲಿವರೆಗೆ ಬೀಪ್ ಬರಲ್ಲ, ತಾನಾಗಿ ಬ್ರೇಕ್ ಬೀಳಲ್ಲ. ಅದು... ಆ ಕ್ಷಣಕ್ಕೆ ಮರೆತುಹೋಯ್ತು. ಅವನು ಬಗ್ಗಿ ಕುಂಡ ಎತ್ತಿಡ್ತಿದ್ದ ಅನ್ಸತ್ತೆ. ಸ್ಕ್ರೀನಲ್ಲಿ ಯಾರೂ ಇರ್ಲಿಲ್ಲ ಮೇಡಂ!"

"ನಿಂಗೆ ಕುತ್ತಿಗೆ ಇತ್ತಲ್ಲ?" ಎಂದಳು ಅತ್ತೆ.

ಅವನು ಅಳತೊಡಗಿದ. ನನಗೆ ಎಳ್ಳಷ್ಟೂ ಕನಿಕರ ಹುಟ್ಟಲಿಲ್ಲ. ಬಿದ್ದವನನ್ನು ಎತ್ತದೆ, ಕೀಲಿಯನ್ನು ಮೊಳೆಗೆ ಸಿಕ್ಕಿಸಿ, ಗೇಟಿನಿಂದ ಜಾರಿಕೊಂಡು, ಹತ್ತಕ್ಕೆ ಸರಿಯಾಗಿ ಕರೆಗಂಟೆ ಒತ್ತಿ ಒಳಬಂದವನು ಅವನು. ಆಮೇಲೆ ಬಿದ್ದವನ ತಮ್ಮನ ಕಡೆ ಬೆರಳು ತೋರಿಸಲೂ ಅವನು ಹಿಂಜರಿದಿರಲಿಲ್ಲ.

ಯಜಮಾನ ಕೆಮ್ಮಿದ. "ಅಂದ್ರೆ ಗಾಡಿ ತಪ್ಪು ಹೇಳ್ತು ಅಂತಾಯ್ತು."

"ಗಾಡಿ ಸರಿಯಾಗೇ ಹೇಳ್ತು. ಎರಡನೇ ಕೀ ಅಂತು, ಅಷ್ಟೇ. ಆ ಕೀ ಡ್ರೈವರ್ ಕೈಯಲ್ಲಿತ್ತು ಅಂತ ಸೇರಿಸ್ಕೊಂಡೋರು ನೀವು. ಯೋಚನೆ ಮಾಡೋ ಕೆಲಸಾನೂ ಗಾಡಿಗೆ ಒಪ್ಪಿಸಿ ಕೂತಿದ್ದೀರಿ. ಈಗ ಫೋನ್ ತೆಗೀರಿ. ಇವನ ಅತ್ತಿಗೆಗೆ ಹೇಳಿ."

"ಮೆಸೇಜ್ ಹಾಕ್ತೀನಿ."

"ಬಾಯಿಬಿಟ್ಟು ಹೇಳಿ. ಬೆಳಿಗ್ಗೆ ಬಾಯಲ್ಲೇ ಹೇಳಿದ್ರಲ್ಲ?"

ಆತ ಹೇಳಿದ. ತಡವರಿಸುತ್ತಾ, ಬೆವರುತ್ತಾ, ನಮ್ಮೆಲ್ಲರ ಎದುರು ಹೇಳಿದ. ಆ ಕಡೆಯಿಂದ ಏನು ಉತ್ತರ ಬಂತೋ ಗೊತ್ತಿಲ್ಲ. ಆತನ ಕಿವಿ ಕೆಂಪಾದದ್ದನ್ನು ಮಾತ್ರ ನಾನು ನೋಡಿದೆ, ಖುಷಿಯಿಂದಲೇ ನೋಡಿದೆ.

ಡ್ರೈವರನನ್ನು ಆಸ್ಪತ್ರೆಗೆ ನಾವೇ ಕರೆದೊಯ್ದೆವು, ಸ್ಕೂಲಿನ ಹಳೇ ಗಾಡಿಯಲ್ಲಿ. ವಾರ್ಡಿನ ಹೊರಗೆ ಬೆಂಚಿನ ಮೇಲೆ ಅವನ ಅತ್ತಿಗೆ ಕೂತಿದ್ದರು. ಅವನನ್ನು ಕಂಡು ಎದ್ದರು. ಇವನು ನಾಲ್ಕು ಹೆಜ್ಜೆ ದೂರದಲ್ಲೇ ನಿಂತುಬಿಟ್ಟ.

ಅವರೇ ಹತ್ತಿರ ಬಂದರು. ಸೆರಗು ಬಾಯಿಗೊತ್ತಿಕೊಂಡರು. ಕೊನೆಗೆ ಅವನ ತೋಳು ಹಿಡಿದು ಬಾಗಿಲ ಕಡೆ ತಳ್ಳಿದರು.

"ಎಚ್ಚರ ಆಗಿ ಅರ್ಧ ಗಂಟೆ ಆಯ್ತು. ನೀನೆಲ್ಲಿ, ಊಟ ಮಾಡಿದ್ಯಾ ಅಂತ ಕೇಳ್ತಾನೇ ಇದಾರೆ. ನಂಗೆ ಉತ್ತರ ಕೊಡೋಕೆ ಆಗ್ಲಿಲ್ಲ ಕಣೋ. ಹೋಗು, ನೀನೇ ಹೇಳು."