ಕ್ಯಾಂಟೀನಿನ ಖಾಲಿ ಪರದೆ

ಸ್ಕ್ಯಾನ್ ಚಿತ್ರಗಳು ಇರಲಿಲ್ಲ. ಒಂದೂ ಇರಲಿಲ್ಲ.

ಇಲ್ಲಿನ ಡಾಕ್ಟರ್ ಗಂಡನ ಕೆಟ್ಟ ಕಿಡ್ನಿ ಬಿಟ್ಟು ಒಳ್ಳೆಯದನ್ನೇ ಕತ್ತರಿಸಿದ್ದಾರೆಂದು ಒಬ್ಬಾಕೆ ದೂರು ಕೊಟ್ಟಿದ್ದಳು. ಅದಕ್ಕೆ ಸಾಕ್ಷಿಯೆಲ್ಲ ಆಸ್ಪತ್ರೆಯ ಸರ್ವರ್‌ನಲ್ಲಿತ್ತು. ಬೆಳಿಗ್ಗೆ ಇನ್‌ಸ್ಪೆಕ್ಟರ್ ಬಂದು ನೋಡಿದರೆ ಗುಡಿಸಿ ಸಾರಿಸಿದ ಹಾಗೆ ಖಾಲಿ. ಬ್ಯಾಕಪ್ಪೂ ಇಲ್ಲ.

ಅಳಿಸಿದ ಲಾಗಿನ್ ಕಂಪ್ಯೂಟರ್ ಆಪರೇಟರನದು. ಕಪ್ಪು ಪರದೆಯಲ್ಲಿ ಕಮಾಂಡ್ ಕುಟ್ಟುವುದು ಬಿಟ್ಟು ಬೇರೇನೂ ಒಲ್ಲದ ಅವನಿಗೆ ಎಲ್ಲರೂ ಕರಿಪರದೆ ಎಂದೇ ಹೆಸರಿಟ್ಟಿದ್ದರು.

"ನಾನು ಮಾಡಿಲ್ಲ ಮೇಡಂ."

"ಪಾಸ್‌ವರ್ಡ್ ಇನ್ಯಾರಿಗೆ ಗೊತ್ತು?"

"ಯಾರಿಗೂ ಗೊತ್ತಿಲ್ಲ."

ಅವನ ಕಿವಿ ಕೆಂಪಾಯಿತು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮುಖ. ಯಾರನ್ನೋ ಕಾಪಾಡುತ್ತಿದ್ದಾನೆ ಎಂದು ಇನ್‌ಸ್ಪೆಕ್ಟರಿಗೆ ಅನಿಸಿತು. ಆದರೆ ಅನಿಸಿಕೆಯನ್ನು ಕೋರ್ಟು ಕೇಳುವುದಿಲ್ಲ. ಸಂಜೆಯೊಳಗೆ ಬೇರೆ ಹೆಸರು ಸಿಗದಿದ್ದರೆ ಇವನೇ ಒಳಗೆ.

* * *

ಕಂಪ್ಯೂಟರ್ ವಿಭಾಗದ ಮುಖ್ಯಸ್ಥ ಕರಿಪರದೆಯ ಸ್ವಂತ ಅಣ್ಣ. ಕರವಸ್ತ್ರ ಕಣ್ಣಿಗೊತ್ತಿಕೊಂಡೇ ಮಾತಾಡಿದ.

"ನಾನೇ ಕೆಲಸಕ್ಕೆ ಸೇರಿಸಿದ್ದು ಮೇಡಂ. ನನ್ನ ಮುಖಕ್ಕೇ ಮಸಿ ಬಳಿದ. ಆ ಡಾಕ್ಟರ್ ಅವನಿಗೆ ಏನು ಆಸೆ ಹುಟ್ಟಿಸಿದ್ರೋ!"

ಇನ್‌ಸ್ಪೆಕ್ಟರ್ ನೇರ ಡಾಕ್ಟರ ಕೋಣೆಗೆ ನುಗ್ಗಿದಳು. ಆತ ಮೇಜು ಗುದ್ದಿದ, ಕೂಗಾಡಿದ. ಆದರೆ ಆಪರೇಟರ್ ಯಾರೆಂದರೆ ಪಿಳಿಪಿಳಿ ಕಣ್ಣು ಬಿಟ್ಟ. ಅದು ನಾಟಕವಲ್ಲ. ಈತ ಕರಿಪರದೆಯ ಜೊತೆ ಮಾತಾಡಿಯೇ ಇರಲಿಲ್ಲ.

ತಲೆ ಕೆಟ್ಟು ಕ್ಯಾಂಟೀನಿಗೆ ಹೋದಳು. ಗೋಡೆಯ ಟೋಕನ್ ಪರದೆ ಖಾಲಿ. ಕ್ಯಾಂಟೀನಿನವನು ಗಂಟಲು ಹರಿಯುವಂತೆ ನಂಬರ್ ಕೂಗುತ್ತಿದ್ದ.

"ಇದಕ್ಕೇನಾಯ್ತು?"

"ಬೆಳಿಗ್ಗೆ ಬಂದಾಗಿಂದ ಹೀಗೇ ಮೇಡಂ. ಎಲ್ಲಾ ಅಳಿಸಿ ಹೋಗಿದೆಯಂತೆ. ನಮ್ಮ ಗೋಳು ಯಾರು ಕೇಳ್ತಾರೆ?"

ಚಹಾ ಮೇಜಿನ ಮೇಲೇ ಉಳಿಯಿತು.

* * *

ಸಂಜೆ ಅಣ್ಣತಮ್ಮಂದಿರನ್ನು ಎದುರಿಗೆ ಕೂರಿಸಿಕೊಂಡಳು.

"ಸ್ಕ್ಯಾನ್ ಅಳಿಸಿದವನಿಗೆ ಕ್ಯಾಂಟೀನಿನ ಮೇಲೆ ಯಾಕೆ ಸಿಟ್ಟು?"

"ಕಾಕತಾಳೀಯ," ಎಂದ ಮುಖ್ಯಸ್ಥ.

"ಎರಡು ಬೇರೆ ಬೇರೆ ಸರ್ವರ್. ಒಂದೇ ಗಳಿಗೇಲಿ ಎರಡೂ ಖಾಲಿ. ನಿಮ್ಮ ತಮ್ಮ ಒಂದೊಂದೇ ಸರ್ವರ್‌ಗೆ ಹೋಗಿ ಕಮಾಂಡ್ ಕೊಡೋರು. ಅವರಾಗಿದ್ರೆ ಕ್ಯಾಂಟೀನ್ ತಂಟೆಗೆ ಹೋಗ್ತಿರಲಿಲ್ಲ. ಆದ್ರೆ ಆಪರೇಟಿಂಗ್ ಸಿಸ್ಟಂ ಜೊತೆಗೆ ಬಿಟ್ಟಿಯಾಗಿ ಒಂದು ನಿರ್ವಹಣಾ ಟೂಲ್ ಬಂದಿದೆಯಲ್ಲ? ಅದರಲ್ಲಿ ಸರ್ವರ್‌ಗಳನ್ನ ಗುಂಪು ಮಾಡಬಹುದು. ಗುಂಪಿನ ಮೇಲೆ ಟಿಕ್ ಹಾಕಿ ಒತ್ತಿದ್ರೆ, ಬ್ಯಾಕಪ್ ಸಮೇತ ಎಲ್ಲಕ್ಕೂ ಒಂದೇ ಗತಿ."

ತಮ್ಮ ತಟ್ಟನೆ ತಲೆಯೆತ್ತಿದ. "ಅಣ್ಣಾ... ಆಡಳಿತ ಮಂಡಳಿಗೆ ತೋರಿಸೋಕೆ ಆ ಗುಂಪು ಮಾಡಿದ್ದು ನೀನು."

"ಹೌದು," ಎಂದಳು ಇನ್‌ಸ್ಪೆಕ್ಟರ್. "ಕೈಗೆ ಸಿಕ್ಕ ಈ ಎರಡನ್ನ ಸೇರಿಸಿ ತೋರಿಸಿದ್ರು. ಆಮೇಲೆ ಬಿಡಿಸೋದು ಮರೆತ್ರು. ಆ ಟೂಲ್ ಹಾಕಿರೋದು ಇವರ ಕಂಪ್ಯೂಟರಲ್ಲಿ ಮಾತ್ರ. ನೀವಂತೂ ಅದನ್ನ ಹತ್ತಿರ ಸೇರಿಸ್ತಿರಲಿಲ್ಲ. ಈಗ ಹೇಳಿ, ಪಾಸ್‌ವರ್ಡ್ ಯಾವಾಗ ಕೊಟ್ರಿ?"

"ಅಮ್ಮನ ಆಪರೇಷನ್‌ಗೆ ರಜ ಹಾಕಿದಾಗ." ತಮ್ಮ ಅಣ್ಣನನ್ನೇ ನೋಡುತ್ತ ಹೇಳಿದ.

ಮುಖ್ಯಸ್ಥನ ಜಂಬ ಜರ್ರನೆ ಇಳಿಯಿತು. ನಿರ್ದೇಶಕನ ಕುರ್ಚಿ ಕೊಡಿಸುತ್ತೇನೆಂದು ಡಾಕ್ಟರ್ ಮಾತು ಕೊಟ್ಟಿದ್ದನ್ನು ಒಪ್ಪಿಕೊಂಡ. ಚಿತ್ರಗಳು ಇನ್ನು ಸಿಗುವುದಿಲ್ಲ ಎಂಬುದನ್ನೂ ಹೇಳಿದ. ಆಮೇಲೆ ತಮ್ಮನ ಕಡೆ ಬಾಗಿದ.

"ನೀನೇ ಒಪ್ಕೊಂಡ್ಬಿಡೋ. ನಿನಗೇನು ಹೆಂಡತಿಯಾ, ಮಕ್ಕಳಾ? ಲಾಗಿನ್ ಹೇಗೂ ನಿನ್ನದೇ."

ಇನ್‌ಸ್ಪೆಕ್ಟರಿಗೆ ಅಸಹ್ಯವಾಯಿತು. ಎಂಥೆಂಥ ಕೊಲೆಗಡುಕರನ್ನು ಕಂಡಿದ್ದಳು. ಇಷ್ಟು ನಾಚಿಕೆಗೆಟ್ಟವನನ್ನು ಕಂಡಿರಲಿಲ್ಲ. ಬೇಡಿ ತರಿಸಿದಳು.

ಅಷ್ಟರಲ್ಲಿ ತಮ್ಮನ ಫೋನ್ ಬಡಿದುಕೊಂಡಿತು. ಅತ್ತಿಗೆ.

"ಅಳಬೇಡಿ ಅತ್ತಿಗೆ. ನನ್ನನ್ನ ಬಿಟ್ರು."

"ಸದ್ಯ, ಬದುಕಿದೆ!" ಆ ಕಡೆಯ ದನಿ ಕೋಣೆಗೆಲ್ಲ ಕೇಳಿಸಿತು. "ನಿಮ್ಮಣ್ಣಂಗೆ ಫೋನ್ ಕೊಡಪ್ಪ. ನಿನ್ನ ಬಿಡಿಸೋ ಚಿಂತೇಲಿ ಅವರು ಬೆಳಿಗ್ಗೆಯಿಂದ ಊಟಾನೂ ಮಾಡಿಲ್ಲ. ಬೇಗ ಮನೆಗೆ ಕರ್ಕೊಂಡು ಬಾ."

ಪೇದೆ ಬೇಡಿಯ ಬೀಗ ಒತ್ತುತ್ತಿದ್ದ. ತಮ್ಮ ಗೋಡೆಯ ಕಡೆ ತಿರುಗಿ ನಿಂತ.

"ಅಣ್ಣ ಈಗ ಬರೋಕಾಗಲ್ಲ ಅತ್ತಿಗೆ. ನಾನೇ ಬಂದು ಹೇಳ್ತೀನಿ."